ಬಾಗಬೇಕಾದ ಚಾಸಿ

ವಿಜಯಪುರ ಜಿಲ್ಲೆಯ ನಾಲತವಾಡದ ಸುತ್ತಿನ ಹೊಲಗಳು ಬಹುಪಾಲು ಎರೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಟ್ಟ ನೆಲ ಒಂದು ದೊಡ್ಡ ಮಳೆಗೆ ಮುಚ್ಚಿಕೊಂಡು ಅಂಟಾಗುತ್ತದೆ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಗುಣ ಅದು. ಪದರು ಪದರಾಗಿರುವ ಅದರ ನಡುವೆ ನೀರು ನುಗ್ಗಿದರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹಸಿ ಎರೆಯಲ್ಲಿ ಹತ್ತು ಹೆಜ್ಜೆ ನಡೆದವರಿಗೆ ಚಪ್ಪಲಿ ಎಷ್ಟು ಭಾರವಾಗುತ್ತದೆಂದು ಗೊತ್ತು. ಟೈರಿಗೂ ಅದೇ ಗತಿ. ಗಾಡಿಗೆ ಹಿಡಿತ ಕೊಡುವುದೇ ಟೈರಿನ ಗುಂಡಿಗಳ ನಡುವಿನ ಸಂದು. ಅದು ತುಂಬಿಕೊಂಡಿತೆಂದರೆ ಹೊಸ ಟೈರೂ ನುಣ್ಣನೆಯ ಟೈರೂ ಒಂದೇ. ಹಿಂದಿನ ಎರಡು ಚಕ್ರ ಮಾತ್ರ ತಿರುಗುವ ಗಾಡಿ ಅಲ್ಲಿಗೆ ನಿಂತಿತು.

ಈ ಸೀಮೆಗೆ ಜೀಪು ಬಂದದ್ದು ಶೋಕಿಗಲ್ಲ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರ ಮೇ 22ರಂದು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟರು. ಅದರ ಹಿಂದೆಯೇ ಆಲಮಟ್ಟಿಯಲ್ಲೂ, ನಾಲತವಾಡಕ್ಕೆ ಹತ್ತಿರದ ನಾರಾಯಣಪುರದಲ್ಲೂ ಅಣೆಕಟ್ಟು, ಕಾಲುವೆಗಳ ಕೆಲಸ ಶುರುವಾಯಿತು. ಕಾಲುವೆ ಎಳೆಯುವ ಕಡೆ ಮೊದಲು ರಸ್ತೆ ಇರುವುದಿಲ್ಲ. ಎಂಜಿನಿಯರ್ ಜೀಪು, ಬಿಡಿಓ ಜೀಪು, ಪೊಲೀಸ್ ಜೀಪು ಎಂದು ಹಳ್ಳಿಯವರು ಗುರುತಿಸುತ್ತಿದ್ದ ಗಾಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ವಂಶದವು. ಇಲಾಖೆಗಳು ಹಳೆಯ ಗಾಡಿಯನ್ನು ಹರಾಜಿಗಿಟ್ಟಾಗ ಅವು ಬಾಡಿಗೆ ಓಡಿಸುವವರ ಕೈಗೆ ಬಂದವು. ಆಮೇಲೆ ಟ್ರ್ಯಾಕ್ಸ್, ಟಂಟಂ ಬಂದು ಆ ಬಾಡಿಗೆಯನ್ನೂ ಕಸಿದುಕೊಂಡವು. ಉಳಿದವು ಹಿತ್ತಲಲ್ಲಿ, ಜಾಲಿ ಮರದ ಕೆಳಗೆ ನಿಂತವು.

ವಂಶದ ಮೂಲ 1940ರದು. ಅಮೆರಿಕದ ಸೇನೆ ಕೇಳಿದ ಹಗುರ ಗಾಡಿಯ ನಕ್ಷೆಯನ್ನು ಬ್ಯಾಂಟಮ್ ಎಂಬ ಸಣ್ಣ ಕಂಪನಿಗಾಗಿ ಕಾರ್ಲ್ ಪ್ರಾಬ್ಸ್ಟ್ ಬರೆದರು. ಯುದ್ಧ ಮುಗಿಯುವಷ್ಟರಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು. 1945ರಲ್ಲಿ ಹುಟ್ಟಿದ ಮಹೀಂದ್ರ ಕಂಪನಿ ಆ ದಶಕ ಮುಗಿಯುವ ಮುನ್ನವೇ ಮುಂಬಯಿಯ ಮಜಗಾಂವ್‌ನಲ್ಲಿ ಬಿಡಿಭಾಗ ತರಿಸಿ ಜೋಡಿಸತೊಡಗಿತ್ತು. ನಮ್ಮ ಕಡೆ ಹೆಚ್ಚು ಕಂಡದ್ದು 1953ರ ಮಾದರಿ ಸಿಜೆ-3ಬಿ. ಅದರ ಎಂಜಿನ್ನಿನಲ್ಲಿ ಗಾಳಿ ಒಳಬರುವ ವಾಲ್ವು ಮೇಲಿನ ಹೆಡ್ಡಿನಲ್ಲಿದೆ, ಹೊಗೆ ಹೊರಹೋಗುವ ವಾಲ್ವು ಕೆಳಗೆ ಬ್ಲಾಕಿನಲ್ಲಿದೆ. ಆದ್ದರಿಂದ ಎಂಜಿನ್ ಎತ್ತರವಾಯಿತು, ಬಾನೆಟ್ಟೂ ಎತ್ತರವಾಯಿತು. ಆ ಎತ್ತರದ ಮೂತಿಯಿಂದಲೇ ಈ ಜೀಪನ್ನು ದೂರದಿಂದ ಗುರುತಿಸಬಹುದು. ಅಂದಹಾಗೆ, ಸ್ವತಂತ್ರ ಭಾರತದ ಮೊದಲ ಹಗರಣವೆಂದು ಪುಸ್ತಕಗಳು ಹೇಳುವುದು 1948ರಲ್ಲಿ ಸೇನೆಗಾಗಿ ವಿದೇಶದಿಂದ ತರಿಸಹೊರಟ, ದುರಸ್ತಿ ಮಾಡಿದ ಹಳೆಯ ಜೀಪುಗಳ ವ್ಯವಹಾರವನ್ನು. ಹಳೆ ಜೀಪಿನ ದುರಸ್ತಿಯನ್ನು ನಂಬುವುದು ಅಂದಿನಿಂದಲೂ ಕಷ್ಟ.

ಈಗ ಅಂಥ ಜೀಪುಗಳಿಗೆ ಮತ್ತೆ ಬೆಲೆ ಬಂದಿದೆ. ಅಜ್ಜನ ಗಾಡಿ ಎಂಬ ಮಮತೆಯಿಂದಲೋ ಹವ್ಯಾಸದಿಂದಲೋ ಬಿಚ್ಚಿ ಹೊಸದು ಮಾಡಿಸುವವರಿದ್ದಾರೆ. ಹೆಚ್ಚಿನವರು ಗ್ಯಾರೇಜಿಗೆ ಹೋಗಿ ಹೇಳುವ ಮೊದಲ ಮಾತು, 'ಎಲ್ಲಾ ಗಟ್ಟಿ ಮಾಡಿ ಕೊಡ್ರಿ' ಎಂದು. ಕೆಡುವುದು ಅಲ್ಲಿಂದಲೇ. ಜೀಪನ್ನು ಎಲ್ಲ ಕಡೆಗೂ ಗಟ್ಟಿಯಾಗಿ ಮಾಡಿಲ್ಲ. ಯಾವುದು ಬಾಗಬೇಕು, ಯಾವುದು ಸವೆಯಬೇಕು, ಮುರಿಯುವ ಹೊತ್ತು ಬಂದರೆ ಯಾವುದು ಮೊದಲು ಮುರಿಯಬೇಕು ಎಂದು ಮೊದಲೇ ಲೆಕ್ಕ ಹಾಕಿ ಮಾಡಿದ ಗಾಡಿ ಇದು. ಆ ಲೆಕ್ಕ ತಿಳಿಯದೆ ಮಾಡಿದ ದುರಸ್ತಿ ಗಾಡಿಯನ್ನು ಚೆಂದ ಕಾಣಿಸಬಹುದು, ಆದರೆ ಅದರ ಆಯುಷ್ಯ ಕಡಿಮೆ ಮಾಡುತ್ತದೆ.

ಬಾಡಿ ಎತ್ತಿ ಪಕ್ಕಕ್ಕಿಟ್ಟರೆ ಚಾಸಿ ಕಾಣುತ್ತದೆ. ಉದ್ದಕ್ಕೆ ಎರಡು ಹಳಿ, ನಡುವೆ ಅಡ್ಡಪಟ್ಟಿಗಳು, ಒಟ್ಟಾರೆ ಮಲಗಿಸಿದ ಏಣಿ. ಹಳಿಯನ್ನು ಅಡ್ಡ ಕೊಯ್ದು ನೋಡಿದರೆ ಹಲವು ಕಡೆ ಒಂದು ಬದಿ ತೆರೆದಿರುತ್ತದೆ. ಆ ತೆರೆದ ಬದಿ ನೋಡಿದಾಗ ಯಾರಿಗಾದರೂ ಅನಿಸುವುದು, ಇಲ್ಲೊಂದು ಪ್ಲೇಟ್ ಹೊಡೆದು ಮುಚ್ಚಿಬಿಟ್ಟರೆ ಎಷ್ಟು ಬಲ ಬರುತ್ತದಲ್ಲ ಎಂದು. ಬಲ ಬರುವುದು ನಿಜ. ಎಷ್ಟು ಎಂಬುದನ್ನು ಲೆಕ್ಕ ಹಾಕೋಣ.

ಊದುಬತ್ತಿಯ ಉದ್ದನೆಯ ಕಾಗದದ ಕೊಳವೆ ತೆಗೆದುಕೊಂಡು ಎರಡೂ ತುದಿ ಹಿಡಿದು ತಿರುಚಿ. ಸುಲಭಕ್ಕೆ ಜಗ್ಗುವುದಿಲ್ಲ. ಅದನ್ನೇ ಉದ್ದಕ್ಕೆ ಒಂದು ಕಡೆ ಬ್ಲೇಡಿನಿಂದ ಸೀಳಿ ಮತ್ತೆ ತಿರುಚಿ. ಮಗುವಿನ ಕೈಗೂ ಬಗ್ಗುತ್ತದೆ. ಕಾಗದ ಅಷ್ಟೇ ಇದೆ, ಬರೀ ಒಂದು ಸೀಳು ಬಂದಿದೆ. ಮುಚ್ಚಿದ ಕೊಳವೆಯಲ್ಲಿ ತಿರುಚುವ ಬಲ ಗೋಡೆಯಗುಂಟ ಸುತ್ತುಹಾಕಿ ಬರುತ್ತದೆ. ಸೀಳಿದ ಕೂಡಲೇ ಆ ಸುತ್ತು ಕಡಿದು, ಬಲವನ್ನು ಹೊರಲು ಗೋಡೆಯ ದಪ್ಪವೊಂದೇ ಉಳಿಯುತ್ತದೆ. ಲೆಕ್ಕಕ್ಕೆ 100 ಮಿ.ಮೀ. ಎತ್ತರ, 40 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಹಳಿ ಎಂದಿಟ್ಟುಕೊಳ್ಳಿ. ಒಂದು ಬದಿ ತೆರೆದಿದ್ದಾಗ ತಿರುಚುವಿಕೆಗೆ ಅದು ಒಡ್ಡುವ ತಡೆಯ ಅಳತೆ ಸುಮಾರು 1,620. ಪ್ಲೇಟ್ ಹೊಡೆದು ಮುಚ್ಚಿದರೆ ಅದೇ ಅಳತೆ ಸುಮಾರು 6,85,000. ಅಂದರೆ 400 ಪಟ್ಟಿಗೂ ಮಿಗಿಲು. ಸೇರಿಸಿದ ಕಬ್ಬಿಣವಾದರೋ ಮೊದಲಿದ್ದುದರ ಅರ್ಧದಷ್ಟೇ.

ಹಾಗಾದರೆ ಕಾರ್ಖಾನೆಯವರು ಆ ಪ್ಲೇಟು ಯಾಕೆ ಹೊಡೆಯಲಿಲ್ಲ, ಜಿಪುಣತನವೇ? ಅಲ್ಲ. ಜೀಪು ಹೊಲದ ಬದು ಹತ್ತುವಾಗ ಎಡ ಮುಂಚಕ್ರ ಮೇಲೇರಿರುತ್ತದೆ, ಬಲ ಹಿಂಚಕ್ರವೂ ಇನ್ನೊಂದು ದಿಬ್ಬದ ಮೇಲಿರುತ್ತದೆ, ಉಳಿದೆರಡು ತಗ್ಗಿನಲ್ಲಿ. ಪಾಟಾಗಳು, ಅಂದರೆ ಎಕ್ಸೆಲ್ಲಿಗೆ ಕಟ್ಟಿದ ಪಟ್ಟಿ ಸ್ಪ್ರಿಂಗುಗಳು, ಬಾಗುವುದಕ್ಕೆ ಒಂದು ಮಿತಿಯಿದೆ. ಆ ಮಿತಿ ದಾಟಿದ ಮೇಲೂ ನಾಲ್ಕು ಚಕ್ರ ನೆಲದ ಮೇಲಿರಬೇಕಾದರೆ ಚಾಸಿಯೇ ಒಂದಿಷ್ಟು ತಿರುಚಿಕೊಳ್ಳಬೇಕು. ನೆಲ ಬಿಟ್ಟ ಚಕ್ರ ಎಷ್ಟು ತಿರುಗಿದರೇನು ಬಂತು? ಚಾಸಿಯ ಆ ತುಸು ಸಡಿಲನ್ನು ದೋಷವೆಂದು ತಿಳಿಯಬಾರದು. ಅದು ಸ್ಪ್ರಿಂಗಿನ ಕೆಲಸವನ್ನೇ ಮಾಡುತ್ತಿದೆ.

ಇನ್ನೊಂದು ಅಪಾಯವಿದೆ. ಪೂರ್ತಿ ಚಾಸಿಯನ್ನು ಯಾರೂ ಮುಚ್ಚುವುದಿಲ್ಲ, ನಡುವಿನ ಎರಡು ಅಡಿ ಮುಚ್ಚುತ್ತಾರೆ. ಆಗ ಮೊದಲು ಇಡೀ ಉದ್ದಕ್ಕೂ ಹಂಚಿಹೋಗುತ್ತಿದ್ದ ತಿರುಚು ಪ್ಲೇಟು ಮುಗಿಯುವ ಗೆರೆಯಲ್ಲಿ ಬಂದು ಕೂರುತ್ತದೆ. ವೆಲ್ಡಿಂಗಿನ ಶಾಖದಿಂದ ಗುಣ ಕೆಟ್ಟ ಕಬ್ಬಿಣವಿರುವುದೂ ಅದೇ ಗೆರೆಯಲ್ಲಿ. ಬಿರುಕಿಗೆ ಇದಕ್ಕಿಂತ ಅನುಕೂಲದ ಜಾಗ ಬೇರೆ ಇಲ್ಲ. ಆದ್ದರಿಂದ ಕಾರ್ಖಾನೆ ಮುಚ್ಚಿದ ಕಡೆ ಮುಚ್ಚಿರಲಿ, ತೆರೆದಿಟ್ಟ ಕಡೆ ತೆರೆದಿರಲಿ. ತುಕ್ಕು ತಿಂದು ತೆಳುವಾದ ಭಾಗಕ್ಕೆ ತೇಪೆ ಹಾಕಲೇಬೇಕಾದರೆ ತೇಪೆಯ ತುದಿಯನ್ನು ಹಳಿಗೆ ಅಡ್ಡಡ್ಡ ಕತ್ತರಿಸದೆ ಓರೆಯಾಗಿ ಚೂಪಾಗಿಸಿ ಕತ್ತರಿಸಬೇಕು. ಹಳಿಯ ಮೇಲಿನ ಮತ್ತು ಕೆಳಗಿನ ಅಂಚಿಗೆ ತೂತು ಕೊರೆಯಬಾರದು. ಭಾರಕ್ಕೆ ಹಳಿ ಬಾಗುವಾಗ ಅತಿ ಹೆಚ್ಚು ಒತ್ತಡ ಬೀಳುವುದು ಆ ಅಂಚುಗಳಿಗೆ. ತೂತು ಬೇಕಾದರೆ ಎತ್ತರದ ನಟ್ಟನಡುವೆ ಕೊರೆಯಿರಿ, ಅಲ್ಲಿ ಬಾಗುವ ಒತ್ತಡ ಸೊನ್ನೆಯ ಹತ್ತಿರವಿರುತ್ತದೆ.

ಬಿರುಕು ಕಂಡುಹಿಡಿಯಲು ಹಳೆಯ ಮೇಸ್ತ್ರಿಗಳ ಉಪಾಯವೊಂದಿದೆ, ರೈಲ್ವೆ ವರ್ಕ್‌ಶಾಪುಗಳಲ್ಲಿ ಬಳಕೆಯಲ್ಲಿದ್ದುದು. ಉಜ್ಜಿ ಸ್ವಚ್ಛ ಮಾಡಿದ ಕಬ್ಬಿಣಕ್ಕೆ ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಬೇಕು. ಪೂರ್ತಿ ಒರೆಸಿ ಒಣಗಿಸಿ ಮೇಲೆ ಸೀಮೆಸುಣ್ಣದ ಪುಡಿ ಬಳಿಯಬೇಕು. ಕೂದಲೆಳೆಯ ಬಿರುಕಿನೊಳಗೆ ಇಳಿದಿದ್ದ ಎಣ್ಣೆಯನ್ನು ಸುಣ್ಣ ಮೇಲಕ್ಕೆ ಹೀರಿಕೊಳ್ಳುತ್ತದೆ, ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಇಂದು ವಿಮಾನದ ಭಾಗಗಳನ್ನು ಪರೀಕ್ಷಿಸುವ ಬಣ್ಣದ ದ್ರಾವಣದ ವಿಧಾನ ಇದರದೇ ಮೊಮ್ಮಗು.

ಬಿರುಕು ಸಿಕ್ಕಿತು. ಅದರ ಮೇಲೆಯೇ ವೆಲ್ಡಿಂಗ್ ಓಡಿಸುವುದು ತಪ್ಪು. ಮೊದಲು ಬಿರುಕಿನ ತುದಿ ಹುಡುಕಿ ಅಲ್ಲೊಂದು ದುಂಡು ತೂತು ಕೊರೆಯಬೇಕು. ಇರುವ ಗಾಯಕ್ಕೆ ಇನ್ನೊಂದು ತೂತು ಯಾಕೆ ಎಂದು ಕೇಳುವವರಿಗೆ ಉತ್ತರ ಕೊಟ್ಟವರು ಕೇಂಬ್ರಿಡ್ಜಿನ ಚಾರ್ಲ್ಸ್ ಇಂಗ್ಲಿಸ್, 1913ರಲ್ಲಿ. ಎಳೆತಕ್ಕೆ ಸಿಕ್ಕ ತಗಡಿನಲ್ಲಿ ಬಿರುಕಿನ ತುದಿ ಎಷ್ಟು ಚೂಪೋ ಅಲ್ಲಿ ಒತ್ತಡ ಅಷ್ಟು ಪಟ್ಟು ಏರುತ್ತದೆ ಎಂದು ಅವರು ಗಣಿತದಿಂದ ತೋರಿಸಿದರು. ತಗಡಿನ ಅಂಚಿನಿಂದ ಒಳಕ್ಕೆ ಬಿರುಕು 20 ಮಿ.ಮೀ. ಉದ್ದವಿದ್ದು ಅದರ ತುದಿಯ ದುಂಡು 0.05 ಮಿ.ಮೀ. ಎಂದುಕೊಂಡರೆ, ಅಲ್ಲಿ ಒತ್ತಡ ಸುತ್ತಲಿಗಿಂತ ಸುಮಾರು 41 ಪಟ್ಟು. ಅದೇ ತುದಿಯಲ್ಲಿ 6 ಮಿ.ಮೀ. ಡ್ರಿಲ್ ಹಾಕಿದರೆ ಸುಮಾರು 6 ಪಟ್ಟಿಗೆ ಇಳಿಯುತ್ತದೆ. ಬಿರುಕು ಓಡುವುದು ನಿಂತ ಮೇಲೆ ಅಂಚುಗಳನ್ನು ಇಳಿಜಾರಾಗಿ ಉಜ್ಜಿ, ಬೇರಿನವರೆಗೆ ಲೋಹ ತುಂಬುವಂತೆ ಬೆಸೆಯಬಹುದು.

ಚಾಸಿ ಸೊಟ್ಟಗಾಗಿದೆಯೇ ಎಂದು ನೋಡಲು ದುಬಾರಿ ಯಂತ್ರ ಬೇಡ. ತಾಳಿಕೋಟೆ ಸೀಮೆಯಲ್ಲಿ ಸುಣ್ಣಗಲ್ಲಿನ ಫರಸಿಗೇನು ಬರವೇ? ಮಟ್ಟಸ ಫರಸಿ ನೆಲ, ಗೌಂಡಿಗಳ ತೂಗುಗುಂಡು, ಒಂದು ಟೇಪು ಇದ್ದರೆ ಸಾಕು. ಎಡಬಲದಲ್ಲಿ ಜೋಡಿಯಾಗಿರುವ ರಂಧ್ರಗಳಿಂದ ಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಓರೆ ಅಳತೆ ತೆಗೆದರೆ ಎರಡೂ ಸಮ ಬರಬೇಕು. ಬಾರದಿದ್ದರೆ ಒಂದು ಹಳಿ ಇನ್ನೊಂದಕ್ಕಿಂತ ಹಿಂದೆ ಸರಿದಿದೆ ಎಂದರ್ಥ, ಯಾವ ಕಾಲದಲ್ಲೋ ಗಾಡಿ ಎಲ್ಲಿಗೋ ಗುದ್ದಿದೆ.

ಇನ್ನು ತುಕ್ಕು, ನಮ್ಮ ಕಡೆಯ ಮಾತಿನಲ್ಲಿ ಜಂಗು. ವಿಜಯಪುರ ಜಿಲ್ಲೆಯ ಒಣ ಹವೆ ಹಳೆಯ ಗಾಡಿಗೆ ವರವೇ ಸರಿ. ಕರಾವಳಿಯ, ಮಲೆನಾಡಿನ ಜೀಪುಗಳ ಚಾಸಿ ನೋಡಿದವರು ಇಲ್ಲಿನದನ್ನು ನೋಡಿದರೆ ಖುಷಿಪಡುತ್ತಾರೆ. ಆದರೆ ಇಲ್ಲಿನ ತುಕ್ಕು ಕಾಣುವ ಕಡೆ ಬರುವುದಿಲ್ಲ. ಚಾಸಿಯ ತೆರೆದ ಹಳಿಯೊಳಗೆ, ಪಾಟಾದ ಹ್ಯಾಂಗರಿನ ಹಿಂದೆ, ಅಡ್ಡಪಟ್ಟಿಯ ಮೂಲೆಯಲ್ಲಿ ಮೆತ್ತಿಕೊಂಡ ಎರೆಮಣ್ಣಿನ ಅಡಿಯಲ್ಲಿ ಅದು ಕೂತಿರುತ್ತದೆ. ಎರೆ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಹೊರಗೆ ಒಣಗಿದ್ದರೂ ಕಬ್ಬಿಣಕ್ಕೆ ತಾಗಿದ ಕಡೆ ತೇವ ಉಳಿದಿರುತ್ತದೆ. ಕಾಲುವೆ ನೀರು ನಿಂತು ಸವುಳು ಹಿಡಿದ ಹೊಲದ ಮಣ್ಣಾದರೆ ಅದರಲ್ಲಿ ಉಪ್ಪೂ ಇರುತ್ತದೆ, ಉಪ್ಪು ಬೆರೆತ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ.

ತುಕ್ಕು ಹಿಡಿಯುವುದೆಂದರೆ ಕಬ್ಬಿಣದ ಮೇಲೆ ಒಂದು ಪುಟ್ಟ ಬ್ಯಾಟರಿ ಹುಟ್ಟುವುದು. ಮಣ್ಣಿನ ಅಂಚಿನಲ್ಲಿ ಗಾಳಿ ಆಡುತ್ತದೆ, ಆಮ್ಲಜನಕ ಧಾರಾಳ. ಮಣ್ಣಿನ ನಡುವೆ ಆಮ್ಲಜನಕ ತಲುಪುವುದಿಲ್ಲ. ಒಂದೇ ಕಬ್ಬಿಣದ ತುಂಡಿನ ಈ ಎರಡು ಜಾಗಗಳು ಬ್ಯಾಟರಿಯ ಎರಡು ಧ್ರುವಗಳಾಗುತ್ತವೆ. ಗಾಳಿ ಇರುವ ಕಡೆ ಕಬ್ಬಿಣ ಸುರಕ್ಷಿತ. ಗಾಳಿ ಇಲ್ಲದ ಕಡೆ ಅದು ಕರಗಿ ನೀರಿಗಿಳಿಯುತ್ತದೆ. ಆಮ್ಲಜನಕ ಕಡಿಮೆ ಇರುವಲ್ಲೇ ಕಬ್ಬಿಣ ಹೆಚ್ಚು ಸವೆಯುವುದು ಮೊದಲ ಬಾರಿ ಓದಿದವರಿಗೆ ತಲೆಕೆಳಗಾಗಿ ಕಾಣುತ್ತದೆ. ಆದರೆ ಮೆತ್ತಿದ ಮಣ್ಣನ್ನು ಕೆತ್ತಿ ನೋಡಿದರೆ ನಡುವೆಯೇ ತಗ್ಗು ಬಿದ್ದಿರುತ್ತದೆ. ಹೊರಗಿನಿಂದ ಪೇಂಟ್ ಹೊಳೆಯುತ್ತಿದ್ದು ಸುತ್ತಿಗೆಯಿಂದ ತಟ್ಟಿದಾಗ ಒಳಗೆ ತೂತಾಗುವ ಹಳಿಗಳ ಗುಟ್ಟು ಇಷ್ಟೇ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ರಿವೆಟ್ ಹೊಡೆದ ಎರಡು ಪಟ್ಟಿಗಳ ನಡುವೆ ಹುಟ್ಟಿದರೆ ಪಟ್ಟಿಗಳನ್ನೇ ಅಗಲಿಸಿ ರಿವೆಟನ್ನು ಎಳೆದು ಸಡಿಲಗೊಳಿಸುತ್ತದೆ. ಹಾಗೆ ಸಡಿಲಾದ ರಿವೆಟನ್ನು ಕಾಯಿಸಿ ಬಡಿಯುವ ಅನುಕೂಲ ಇಲ್ಲದಿದ್ದರೆ, ತೂತನ್ನು ರೀಮರ್‌ನಿಂದ ನಯಗೊಳಿಸಿ ಅದಕ್ಕೆ ಬಿಗಿಯಾಗಿ ಕೂರುವ ಹೈಟೆನ್ಸಿಲ್ ಬೋಲ್ಟು ಹಾಕುವುದು ಒಳ್ಳೆಯದು. ರಿವೆಟ್ಟಿನ ತಲೆಗೆ ವೆಲ್ಡಿಂಗ್ ಚುಕ್ಕೆ ಇಡುವುದು ಕಣ್ಣೊರೆಸುವ ಕೆಲಸ.

ಬಿಡಿಸಿದ ಸಣ್ಣ ಭಾಗಗಳ ತುಕ್ಕು ತೆಗೆಯಲು ಮನೆಯಲ್ಲೇ ಒಂದು ಏರ್ಪಾಡು ಸಾಧ್ಯ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ವಾಷಿಂಗ್ ಸೋಡಾ ಕರಗಿಸಿ, ಭಾಗವನ್ನು ಬ್ಯಾಟರಿ ಚಾರ್ಜರಿನ ಋಣ ತುದಿಗೂ ಒಂದು ಗುಜರಿ ಕಬ್ಬಿಣದ ತುಂಡನ್ನು ಧನ ತುದಿಗೂ ಜೋಡಿಸಿದರೆ ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು ಸಡಿಲವಾಗುತ್ತದೆ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಬೇಡವೇ ಬೇಡ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಏಳುವ ಗುಳ್ಳೆಗಳು ಜಲಜನಕದವು, ಹತ್ತಿರ ಬೀಡಿ ಹಚ್ಚಬೇಡಿ. ಪಾಟಾಗಳನ್ನು ಮಾತ್ರ ಈ ಡ್ರಮ್ಮಿಗೂ ಆಸಿಡ್ಡಿಗೂ ಹಾಕಬಾರದು. ಹದ ಕೊಟ್ಟ ಗಡಸು ಉಕ್ಕಿನೊಳಗೆ ಜಲಜನಕ ಹೊಕ್ಕರೆ ಅದು ಪೆಳಸಾಗಿ ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ. ಅವನ್ನು ತಂತಿ ಬ್ರಷ್ಷಿನಿಂದ ಉಜ್ಜಬೇಕು. ಕುಗ್ಗಿದ ಪಾಟಾದ ಕಮಾನನ್ನು ತಣ್ಣಗಿರುವಾಗಲೇ ಬಡಿದು ಎತ್ತಬೇಕು. ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿದ ಕ್ಷಣಕ್ಕೆ ಅದರ ಹದ ಹೋಗಿ ಬರೀ ಕಬ್ಬಿಣದ ಪಟ್ಟಿಯಾಗುತ್ತದೆ.

ಉಜ್ಜಿದರೂ ಬಿಡದ ತೆಳು ತುಕ್ಕಿಗೆ ಟ್ಯಾನಿನ್ ಒಳ್ಳೆಯ ಮದ್ದು. ಅಳಲೆಕಾಯಿ, ತಂಗಡಿ ತೊಗಟೆಗಳಲ್ಲಿ ಇರುವುದು ಇದೇ. ಚರ್ಮ ಹದ ಮಾಡುವವರಿಗೆ ಇವು ಹಳೆಯ ಪರಿಚಯ. ಟ್ಯಾನಿನ್ ತುಕ್ಕಿನ ಕಬ್ಬಿಣದೊಡನೆ ಕೂಡಿ ನೀರಿನಲ್ಲಿ ಕರಗದ ನೀಲಿಗಪ್ಪು ಪದರವಾಗುತ್ತದೆ, ಅದರ ಮೇಲೆ ಪ್ರೈಮರ್ ಕೂರುತ್ತದೆ. ಎಲ್ಲ ಅಂಗಡಿಯಲ್ಲೂ ಸಿಗುವ ರೆಡ್ ಆಕ್ಸೈಡನ್ನು ತುಕ್ಕು ನಿರೋಧಕವೆಂದು ನಂಬಿರುವವರೇ ಹೆಚ್ಚು. ಆ ಕೆಂಪು ಬಣ್ಣ ಸ್ವತಃ ಕಬ್ಬಿಣದ ಆಕ್ಸೈಡ್. ಅದು ಮುಚ್ಚಿಕೊಳ್ಳುತ್ತದೆ, ಅಷ್ಟೇ. ಜಿಂಕ್ ತುಂಬಿದ ಪ್ರೈಮರ್ ಆದರೆ ಗೀರು ಬಿದ್ದ ಕಡೆ ಜಿಂಕ್ ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಚಾಸಿಗೆ ಖರ್ಚು ಮಾಡುವ ದುಡ್ಡಿದ್ದರೆ ಇಲ್ಲಿ ಮಾಡಿ.

ಚಾಸಿ ನೆಟ್ಟಗಾಯಿತು. ಇನ್ನು ಎಂಜಿನ್ನಿನಿಂದ ಚಕ್ರದವರೆಗಿನ ಹಲ್ಲುಗಳ ಸಾಲು.

ಸಿಜೆ-3ಬಿಯ ಪೆಟ್ರೋಲ್ ಎಂಜಿನ್ ಕೊಡುವ ತಿರುಗುಬಲ ಹೆಚ್ಚೆಂದರೆ 155 ನ್ಯೂಟನ್-ಮೀಟರ್. ಇಂದಿನ ಸಣ್ಣ ಕಾರುಗಳೂ ಇದರ ಹತ್ತಿರ ಬರುತ್ತವೆ. ಜೀಪಿನ ಜಗ್ಗುವ ತಾಕತ್ತೆಲ್ಲ ಗೇರಿನ ಗುಣಾಕಾರದ್ದು. ಗೇರ್‌ಬಾಕ್ಸಿನ ಒಂದನೇ ಗೇರು 2.798 ಪಟ್ಟು. ಅದರ ಬೆನ್ನಿಗಂಟಿಕೊಂಡು ಎರಡೂ ಎಕ್ಸೆಲ್ಲಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ ಗೇರು 2.46 ಪಟ್ಟು. ಎಕ್ಸೆಲ್ಲಿನೊಳಗಿನ ದೊಡ್ಡ-ಸಣ್ಣ ಹಲ್ಲುಚಕ್ರಗಳ ಜೋಡಿ, ಕ್ರೌನ್-ಪಿನಿಯನ್, 5.38 ಪಟ್ಟು. ಮೂರನ್ನೂ ಗುಣಿಸಿದರೆ 37. ಎಂಜಿನ್ ನಿಮಿಷಕ್ಕೆ 1,000 ಸುತ್ತು ಹೊಡೆದರೆ ಚಕ್ರ 27 ಸುತ್ತು ಹೊಡೆಯುತ್ತದೆ. ಗಾಡಿಯ ವೇಗ ಗಂಟೆಗೆ ಮೂರೂವರೆ ಕಿಲೋಮೀಟರ್, ಪಕ್ಕದಲ್ಲಿ ಆರಾಮವಾಗಿ ನಡೆದುಕೊಂಡು ಹೋಗಬಹುದು. ಬದಲಿಗೆ ಬಲ 37 ಪಟ್ಟಾಗಿ 5,700 ನ್ಯೂಟನ್-ಮೀಟರ್ ದಾಟುತ್ತದೆ. ಟೈರಿನ ಅಂಚಿನಲ್ಲಿ ಅದು ಒಂದೂವರೆ ಟನ್ನಿಗೂ ಹೆಚ್ಚಿನ ದೂಡುವಿಕೆ, ಜೀಪಿನ ತೂಕವೋ ಒಂದು ಟನ್ನಿನ ಆಸುಪಾಸು. ಅಂದರೆ ಎಂಜಿನ್ ಸೋಲುವುದಕ್ಕಿಂತ ಮುಂಚೆ ಟೈರು ಜಾರುತ್ತದೆ. ಟೈರು ಜಾರದ ಕಡೆ ಒಳಗಿನ ಯಾವುದಾದರೂ ಒಂದು ಭಾಗ ಮುರಿಯಬೇಕು.

ಇದನ್ನು ತಿಳಿದೇ ವಿನ್ಯಾಸಗಾರರು ಟ್ರಾನ್ಸ್‌ಫರ್ ಕೇಸಿನೊಳಗೆ ಒಂದು ಸಣ್ಣ ಅಡ್ಡಗುಂಡು ಇಟ್ಟಿದ್ದಾರೆ. ಮುಂದಿನ ಎಕ್ಸೆಲ್ ಜೋಡಿಸದೆ ಲೋ ಗೇರು ಹಾಕಲು ಅದು ಬಿಡುವುದಿಲ್ಲ. ಆ ಬಲವನ್ನು ಎರಡು ಎಕ್ಸೆಲ್ಲುಗಳು ಹಂಚಿಕೊಳ್ಳಲಿ, ಹಿಂದಿನದೊಂದೇ ಹೊರುವುದು ಬೇಡ ಎಂಬುದು ಲೆಕ್ಕ. ಲಿವರ್ ಸಲೀಸಾಗಲಿ ಎಂದು ಆ ಗುಂಡು ತೆಗೆಸುವವರಿದ್ದಾರೆ. ತೆಗೆದವರ ಸೈಡ್ ಶಾಫ್ಟ್ ಭಾರ ಹೇರಿದ ದಿನ ಸೊಂಟ ಮುರಿದುಕೊಳ್ಳುತ್ತದೆ.

ಈ ಟ್ರಾನ್ಸ್‌ಫರ್ ಕೇಸಿನ ಹೆಸರು ಸ್ಪೈಸರ್ 18. ಅದರಲ್ಲಿ ಹೈ ಗೇರಿನಲ್ಲೂ ಬಲ ನೇರವಾಗಿ ಹೋಗದೆ ನಡುವಿನ ಗೇರನ್ನು ದಾಟಿಯೇ ಹೋಗುತ್ತದೆ. ಹಾಗಾಗಿ ಜೀಪು ಯಾವ ವೇಗದಲ್ಲೂ ಕುಂಯ್ ಎನ್ನುತ್ತದೆ. ಆ ದನಿ ಸಹಜ, ಅದನ್ನು ಪೂರ್ತಿ ಅಡಗಿಸುವೆನೆಂದು ದುಡ್ಡು ಸುರಿಯಬೇಡಿ. ಕುಂಯ್ ಎಂಬುದರ ಜೊತೆ ಗರಗರ ಸೇರಿದರೆ ಮಾತ್ರ ನಡುವಿನ ಗೇರಿನ ಶಾಫ್ಟು ಮತ್ತು ಅದರ ಸೂಜಿ ಬೇರಿಂಗು ಸವೆದಿವೆ ಎಂದರ್ಥ. ಉಳಿದದ್ದು ಸೋರುವಿಕೆ. ಹಳೆಯ ಜೀಪು ನಿಂತ ಕಡೆ ಎಣ್ಣೆಯ ಗುರುತು ಇರದಿದ್ದರೆ ಒಳಗೆ ಎಣ್ಣೆಯೇ ಇಲ್ಲವೇನೋ ನೋಡಿ ಎಂಬುದು ಗ್ಯಾರೇಜಿನ ಹಳೆಯ ಜೋಕು.

ಮುಂದಿನ ಎಕ್ಸೆಲ್ ಜೋಡಿಸಿದಾಗ ಹಿಂದಿನ ಮತ್ತು ಮುಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿಯುತ್ತವೆ, ವೇಗದ ವ್ಯತ್ಯಾಸಕ್ಕೆ ಆಸ್ಪದ ಕೊಡುವ ಡಿಫರೆನ್ಶಿಯಲ್ ನಡುವೆ ಇಲ್ಲ. ಗಾಡಿ ತಿರುಗುವಾಗ ಹಿಂದಿನ ಚಕ್ರ 5 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ, ಎರಡು ಮೀಟರ್ ಮುಂದಿರುವ ಚಕ್ರ ಸುಮಾರು 5.4 ಮೀಟರ್ ತ್ರಿಜ್ಯದಲ್ಲಿ ಹೋಗಬೇಕು, ಶೇಕಡಾ 8 ಹೆಚ್ಚು ದೂರ. ಶಾಫ್ಟುಗಳು ಬಿಗಿದಿರುವುದರಿಂದ ಆ ಹೆಚ್ಚುವರಿ ದೂರವನ್ನು ಟೈರು ಜಾರಿಯೇ ತೀರಿಸಬೇಕು. ಕೆಸರಿನಲ್ಲಿ ಜಾರುತ್ತದೆ, ತೊಂದರೆಯಿಲ್ಲ. ಡಾಂಬರಿನ ಮೇಲೆ ಜಾರುವುದಿಲ್ಲ. ಸೆಳೆತ ಶಾಫ್ಟಿನಲ್ಲಿ, ಹಲ್ಲಿನಲ್ಲಿ, ಶಾಫ್ಟಿನ ಕೀಲಾದ ಕ್ರಾಸಿನಲ್ಲಿ ಕಟ್ಟಿಕೊಳ್ಳುತ್ತ ಹೋಗುತ್ತದೆ. ಆಗ ಲಿವರ್ ಎಳೆದರೂ ಬಿಡುವುದಿಲ್ಲ. ಒಂದಿಷ್ಟು ರಿವರ್ಸ್ ಹೋದರೆ ಸೆಳೆತ ಬಿಚ್ಚಿಕೊಂಡು ಲಿವರ್ ಹಗುರಾಗಿ ಬರುತ್ತದೆ.

ಇಲ್ಲಿಯೇ ದುರಸ್ತಿಯ ದೊಡ್ಡ ಗುಂಡಿ ಇರುವುದು. ಸಿಜೆ-3ಬಿಯ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಯುದ್ಧಕಾಲದ ಜೀಪಿನದು 39ಕ್ಕೆ 8, ಅಂದರೆ 4.88. ನಂತರದ ಮಾದರಿಗಳಲ್ಲಿ ಬೇರೆ ಬೇರೆ ಇವೆ. ಹೊರಗಿನಿಂದ ಹೌಸಿಂಗ್ ಒಂದೇ ಥರ ಕಾಣುತ್ತದೆ. ಗುಜರಿಯಿಂದ ತಂದ ಎಕ್ಸೆಲ್ಲನ್ನು ಮುಂದೆ ಕೂರಿಸಿದರೆ, ಮುಂದಿನದು 4.88, ಹಿಂದಿನದು 5.38 ಆಗಿ, ಫೋರ್ ವೀಲ್ ಹಾಕಿದ ಕ್ಷಣದಿಂದ ಎರಡೂ ಎಕ್ಸೆಲ್ಲುಗಳು ಶೇಕಡಾ 10ರ ಜಗಳಕ್ಕೆ ಬೀಳುತ್ತವೆ. ನೇರ ರಸ್ತೆಯಲ್ಲೂ ಬಿಡುವಿಲ್ಲದ ಜಗಳ. ಬಿಚ್ಚದೆ ಪರೀಕ್ಷಿಸುವುದು ಸುಲಭ. ಒಂದೇ ಚಕ್ರ ನೆಲ ಬಿಡುವಂತೆ ಜ್ಯಾಕ್ ಹಾಕಿ, ಪ್ರೊಪೆಲ್ಲರ್ ಶಾಫ್ಟಿಗೆ ಸುಣ್ಣದ ಗುರುತಿಟ್ಟು, ಎತ್ತಿದ ಚಕ್ರವನ್ನು ಎರಡು ಸುತ್ತು ತಿರುಗಿಸಿ. ಶಾಫ್ಟು ಐದು ಸುತ್ತು ದಾಟಿ ಮತ್ತೆ ಮೂರರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಹೋದರೆ ಅದು 5.38. ಚಕ್ರವನ್ನು ಒಂದರ ಬದಲು ಎರಡು ಸುತ್ತು ಯಾಕೆಂದರೆ, ಒಂದು ಚಕ್ರ ನೆಲದಲ್ಲಿ ನಿಂತಿರುವಾಗ ಡಿಫರೆನ್ಶಿಯಲ್ ಅರ್ಧ ತಿರುಗುವಿಕೆಯನ್ನಷ್ಟೇ ಶಾಫ್ಟಿಗೆ ದಾಟಿಸುತ್ತದೆ.

43 ಮತ್ತು 8ರ ನಡುವೆ ಸಾಮಾನ್ಯ ಅಪವರ್ತನವಿಲ್ಲ. ಅದು ಆಕಸ್ಮಿಕವಲ್ಲ. ಪಿನಿಯನ್ನಿನ ಒಂದು ಹಲ್ಲು ಕ್ರೌನಿನ ಒಂದು ಹಲ್ಲನ್ನು ಮುಟ್ಟಿದ ಮೇಲೆ ಅದೇ ಜೋಡಿ ಮತ್ತೆ ಭೇಟಿಯಾಗಲು ಪಿನಿಯನ್ 43 ಸುತ್ತು ತಿರುಗಬೇಕು. ಅಷ್ಟರಲ್ಲಿ ಪ್ರತಿ ಹಲ್ಲೂ ಎದುರಿನ ಪ್ರತಿ ಹಲ್ಲನ್ನೂ ಮುಟ್ಟಿರುತ್ತದೆ, ಸವೆತ ಸಮನಾಗಿ ಹಂಚಿಹೋಗುತ್ತದೆ. ಕಾರ್ಖಾನೆಯಲ್ಲಿ ಎರಡನ್ನೂ ಜೊತೆಯಾಗಿ ಉಜ್ಜಿ ಹೊಂದಿಸಿರುತ್ತಾರೆ. ಆದ್ದರಿಂದ ಒಂದರ ಹಲ್ಲು ಹೋದರೂ ಜೋಡಿಯನ್ನೇ ಬದಲಿಸಬೇಕು. ಹೊಸ ಜೋಡಿ ಕೂರಿಸುವಾಗ ಹಲ್ಲಿಗೆ ಹಲ್ಲು ಎಲ್ಲಿ ಮುಟ್ಟುತ್ತದೆ ಎಂದು ನೋಡಲು ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ ಬಳಿಯುವುದು ಹಳೆಯ ಪದ್ಧತಿ. ಆ ಸಿಂಧೂರ ಸೀಸದ್ದು, ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಗುರುತು ಹಲ್ಲಿನ ನಡುವೆ ಬರುವವರೆಗೆ ಶಿಮ್‌ಗಳನ್ನು ಸೇರಿಸುತ್ತ ತೆಗೆಯುತ್ತ ಹೋಗಬೇಕು. ಹಲ್ಲುಗಳ ನಡುವಿನ ಸಡಿಲು 0.1ರಿಂದ 0.2 ಮಿ.ಮೀ. ಇರಬೇಕು. ಸಡಿಲೇ ಇಲ್ಲದಂತೆ ಬಿಗಿದರೆ ಎಣ್ಣೆಯ ಪದರಕ್ಕೆ ಜಾಗವಿಲ್ಲದೆ ಹಲ್ಲು ಸುಡುತ್ತದೆ. ಗಟ್ಟಿ ಮಾಡಿಸುವವರು ಎಡವುವ ಇನ್ನೊಂದು ಕಲ್ಲು ಇದು.

ಹಿಂದಿನ ಸೈಡ್ ಶಾಫ್ಟಿನ ಹೊರತುದಿ ಇಳಿಜಾರಾಗಿ ಸಣ್ಣಗಾಗಿದೆ. ಅದರ ಮೇಲೆ ಹಬ್ಬು ಕೂತು, ನಡುವೆ ಒಂದು ಚಾವಿ, ಕೊನೆಗೆ ನಟ್ಟು. ಬಲವನ್ನು ದಾಟಿಸುವುದು ಚಾವಿ ಎಂದು ಬಹಳ ಜನ ತಿಳಿದಿದ್ದಾರೆ. ದಾಟಿಸಬೇಕಾದ್ದು ಇಳಿಜಾರಿನ ಘರ್ಷಣೆ, ಚಾವಿ ಬರೀ ಜಾಗ ತೋರಿಸುತ್ತದೆ. ನಟ್ಟು ಸುಮಾರು 200 ನ್ಯೂಟನ್-ಮೀಟರ್ ಬಿಗಿಯಿರದಿದ್ದರೆ ಭಾರ ಚಾವಿಯ ಮೇಲೆ ಬಿದ್ದು ಕತ್ತರಿಸಿಹೋಗುತ್ತದೆ. ಇಳಿಜಾರಿಗೆ ಗ್ರೀಸ್ ಹಚ್ಚುವುದೂ ಘರ್ಷಣೆಯನ್ನು ಕೊಂದಂತೆ. ಅದು ಒಣಗಿರಬೇಕು.

ಎಣ್ಣೆಯ ವಿಷಯ ಚಿಕ್ಕದು, ಆದರೆ ಹಾನಿ ದೊಡ್ಡದು. ಎಕ್ಸೆಲ್ಲಿನ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಜಾರುತ್ತವೆ. ಅವಕ್ಕೆ ಗಂಧಕ, ರಂಜಕ ಹೆಚ್ಚಾಗಿ ಸೇರಿಸಿದ ಜಿಎಲ್-5 ದರ್ಜೆಯ 90ನೇ ನಂಬರ್ ಎಣ್ಣೆ ಬೇಕು. ಅದೇ ಎಣ್ಣೆಯ ಗಂಧಕ ಗೇರ್‌ಬಾಕ್ಸಿನೊಳಗಿನ ಹಿತ್ತಾಳೆಯ ರಿಂಗುಗಳನ್ನು ತಿನ್ನಬಲ್ಲದು. ಅಲ್ಲಿಗೆ ಜಿಎಲ್-4 ಹಾಕಿ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಅಂಗಡಿಯವರು ಕೇಳಿದರಷ್ಟೇ ಹೇಳುತ್ತಾರೆ.

ಕೊನೆಯದಾಗಿ ಕ್ರಾಸ್. ಕಾರ್ಡಾನೊ, ಹುಕ್ ಹೆಸರುಗಳಲ್ಲಿ ಪ್ರಸಿದ್ಧವಾದ ಈ ಕೀಲನ್ನು ಮೋಟಾರಿಗೆ ಒಗ್ಗಿಸಿ 1903ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್. ಅವರ ಕಂಪನಿಯೇ ಮುಂದೆ ಡೇನಾ ಆಯಿತು, ಜೀಪಿನ ಎಕ್ಸೆಲ್ಲುಗಳ ಮೇಲೆ ಆ ಹೆಸರಿದೆ. ಈ ಕೀಲಿಗೆ ಒಂದು ವಿಚಿತ್ರ ಗುಣ. ಓರೆಯಾಗಿ ಜೋಡಿಸಿದಾಗ ಒಳಬರುವ ಶಾಫ್ಟು ಒಂದೇ ವೇಗದಲ್ಲಿ ತಿರುಗಿದರೂ ಹೊರಹೋಗುವ ಶಾಫ್ಟು ಒಂದು ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ತಗ್ಗಿಸುತ್ತದೆ. ಓರೆ 20 ಡಿಗ್ರಿ ಇದ್ದರೆ ಆ ಏರಿಳಿತ ಎರಡೂ ಕಡೆಗೆ ಸುಮಾರು ಶೇಕಡಾ 6. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಿಜೆ-3ಬಿಯ ಶಾಫ್ಟು ಸೆಕೆಂಡಿಗೆ 40 ಸುತ್ತು ಹೊಡೆಯುತ್ತದೆ. ಅಂದರೆ ಸೆಕೆಂಡಿಗೆ 80 ಸಲ ಕುಲುಕಾಟ. ಇನ್ನೊಂದು ತುದಿಯ ಕ್ರಾಸು ಅಷ್ಟೇ ಓರೆಯಲ್ಲಿದ್ದು, ಶಾಫ್ಟಿನ ಎರಡೂ ತುದಿಯ ಕವಲುಗಳು ಒಂದೇ ಸಾಲಿನಲ್ಲಿದ್ದರೆ ಮೊದಲಿನದರ ಏರಿಳಿತವನ್ನು ಎರಡನೆಯದು ಅಳಿಸಿಹಾಕುತ್ತದೆ. ನಡುವಿನ ಜಾರುವ ಹಲ್ಲನ್ನು ಬಿಚ್ಚಿ ತೊಳೆದು ಅಂದಾಜಿನಲ್ಲಿ ಮತ್ತೆ ಕೂರಿಸಿದರೆ ಸಾಲು ತಪ್ಪುತ್ತದೆ. ಆಮೇಲೆ ಗಾಡಿ ನಡುಗುತ್ತದೆ, ಬೇರಿಂಗು ಬದಲಿಸುತ್ತಾರೆ, ಕ್ರಾಸು ಬದಲಿಸುತ್ತಾರೆ, ಟೈರಿಗೆ ತೂಕ ಕಟ್ಟಿಸುತ್ತಾರೆ. ನಡುಕ ಹೋಗುವುದಿಲ್ಲ. ಚೆಂದಕ್ಕೆಂದು ಪಾಟಾಕ್ಕೆ ಬ್ಲಾಕ್ ಇಟ್ಟು ಜೀಪನ್ನು ಎತ್ತರಿಸಿದರೂ ಓರೆ ಹೆಚ್ಚಿ ಇದೇ ಗೋಳು.

ಕಾನೂನಿಗೂ ಇದೆಲ್ಲಕ್ಕೂ ಸಂಬಂಧವಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ, ಒಮ್ಮೆ ಮಾಡಿಸಿದರೆ 10 ವರ್ಷ ಊರ್ಜಿತ, ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಅಕ್ಷರ. ಈ ಗಾಡಿಯನ್ನು ದಿನದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಮುಖ್ಯ ಷರತ್ತು ಬೇರೆಯೇ ಇದೆ. ಗಾಡಿ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ಡೀಸೆಲ್ ಎಂಜಿನ್ ಕೂರಿಸಿದ, ಚಾಸಿ ಕತ್ತರಿಸಿ ಉದ್ದ ಮಾಡಿದ ಜೀಪು ಎಷ್ಟು ಹಳೆಯದಾದರೂ ಈ ಸಾಲಿಗೆ ಬರುವುದಿಲ್ಲ.

ನಿಮ್ಮಲ್ಲೂ ಒಂದು ಹಳೆಯ ಜೀಪಿದ್ದು ಅದನ್ನು ಎಬ್ಬಿಸುವ ಮನಸ್ಸಿದ್ದರೆ, ಸ್ಪ್ಯಾನರ್ ಹಿಡಿಯುವ ಮೊದಲು ಮೂರು ಕೆಲಸ ಮಾಡಿಕೊಳ್ಳಿ. ಚಾಸಿ ನಂಬರಿನ ಫೋಟೋ ತೆಗೆದು ಆರ್‌ಸಿ ಪುಸ್ತಕದ ಜೊತೆ ತಾಳೆ ನೋಡಿ. ಉಜ್ಜುವ ಹುಡುಗರಿಗೆ ಆ ಜಾಗ ತೋರಿಸಿ, ಅಲ್ಲಿ ಗ್ರೈಂಡರ್ ಆಡಿಸಬೇಡಿ ಎಂದು ಹೇಳಿ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮುನ್ನ ಅದರ ಎರಡೂ ಭಾಗಗಳ ಮೇಲೆ ಒಂದೇ ಗೆರೆಯಲ್ಲಿ ಪೇಂಟಿನ ಗುರುತು ಹಾಕಿ.